ಬೀಜಕ್ಕೆ ಯಾವ ತೆನೆ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

‘ಬೆಳೆಯ ಸಿರಿಯನ್ನು ಮೊಳಕೆಯಲ್ಲಿ ನೋಡು’ ಎಂಬ ಗಾದೆಯನ್ನು ಕೇಳದವರಿಲ್ಲ. ಭಾಷಣ ಸ್ಪರ್ಧೆಗಳಲ್ಲಿ ಅದು ಬಾರದ ವರ್ಷವೇ ಇಲ್ಲವೆನ್ನಬಹುದು. ಆದರೆ ಅಲ್ಲೆಲ್ಲ ಅದನ್ನು ಮಕ್ಕಳ ವಿಷಯಕ್ಕೆ ಹೇಳುವರೇ ಹೊರತು ಪೈರಿನ ವಿಷಯಕ್ಕೆ ಹೇಳುವವರು ಕಡಿಮೆ. ಗಾದೆ ಹುಟ್ಟಿದುದು ಹೊಲದಲ್ಲಿ. ಅದನ್ನು ಮತ್ತೆ ಹೊಲಕ್ಕೇ ಕೊಂಡೊಯ್ದು, ಅದು ಅಲ್ಲಿ ಎಷ್ಟರಮಟ್ಟಿಗೆ ನಿಜವೆಂದು ಕೇಳಿ ನೋಡುವುದು ಈ ಲೇಖನದ ಉದ್ದೇಶ. ಒಂದು ಗಿಡದ ಹೊರಗಿನ ಚೆಲುವನ್ನು ಕಂಡು ಅದರ ಬೀಜದ ಒಳಗಿನ ಗುಣವನ್ನು ಹೇಳಬಹುದೇ? ಮುಂದಿನ ಮುಂಗಾರಿಗೆಂದು ತೆಗೆದಿಡುವ ತೆನೆ ಯಾವುದಾಗಿರಬೇಕು?

ಸಸ್ಯಶಾಸ್ತ್ರ ನನ್ನ ಐಚ್ಛಿಕ ವಿಷಯವಲ್ಲ. ನಾನು ಓದುತ್ತಿರುವುದು ಅರ್ಥಶಾಸ್ತ್ರ. ಉತ್ಪಾದನೆಗೆ ಭೂಮಿ, ಶ್ರಮ, ಬಂಡವಾಳ, ಸಂಘಟನೆ ಎಂಬ ನಾಲ್ಕು ಅಂಗಗಳೆಂದು ನಮಗೆ ಮೊದಲನೆಯ ವರ್ಷದಲ್ಲಿಯೇ ಪಾಠವಾಯಿತು. ಬೀಜವನ್ನು ಬಂಡವಾಳದ ಹೊಟ್ಟೆಯೊಳಗೆ ಹಾಕಿ ಪುಸ್ತಕಗಳು ಮುಂದೆ ಹೋಗಿಬಿಡುತ್ತವೆ. ನಾಟಿ ಮಾಡುವುದಾದರೆ ಎಕರೆಗೆ ಎರಡು ಕಿಲೋ ರಾಗಿ ಸಾಕು. ಇದರ ಬೆಲೆ ಲೆಕ್ಕಕ್ಕೆ ಬರುವಂಥದೇ ಅಲ್ಲ. ಆದರೆ ಮಳೆಯನ್ನೇ ನಂಬಿದ ಎರಡೂವರೆ ಎಕರೆ ಹೊಲದ ನಮ್ಮಂಥ ಮನೆಯಲ್ಲಿ ವರ್ಷದ ಹಿಟ್ಟು, ಎರಡು ದನಗಳ ಹುಲ್ಲು, ನನ್ನ ಕಾಲೇಜಿನ ಶುಲ್ಕ, ಇವೆಲ್ಲವೂ ಆ ಎರಡು ಕಿಲೋ ಬೀಜದ ಬೆನ್ನ ಮೇಲೆಯೇ ಬರಬೇಕು. ಬೆಲೆಯಲ್ಲಿ ಅಲ್ಪವಾದುದು ಬಾಳಿನಲ್ಲಿ ಅಲ್ಪವಲ್ಲ. ಆದುದರಿಂದಲೇ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿತು.

ನಮ್ಮ ಸೀಮೆಯಲ್ಲಿ ಬೀಜದ ತೆನೆಯನ್ನು ಆರಿಸುವ ಪದ್ಧತಿ ಎರಡು ಬಗೆ. ಕೆಲವರು ಕೊಯ್ಲು ಮುಗಿದು, ಮೆದೆ ಒಡೆದು, ಕಣದಲ್ಲಿ ಹರಡಿದ ಮೇಲೆ ದಪ್ಪ ದಪ್ಪನೆಯ ತೆನೆಗಳನ್ನು ಆರಿಸಿ ಬೇರೆ ಇಡುತ್ತಾರೆ. ಮತ್ತೆ ಕೆಲವರು ಪೈರು ನಿಂತಿರುವಾಗಲೇ ಹೊಲದಲ್ಲಿ ನಡೆದಾಡಿ ತೆನೆಗಳನ್ನು ಮುರಿದು ಮಡಿಲಿಗೆ ತುಂಬಿಕೊಳ್ಳುತ್ತಾರೆ. ಎರಡನೆಯದು ಹೆಚ್ಚಾಗಿ ಹೆಂಗಸರ ಕೆಲಸ. ಮೇಲುನೋಟಕ್ಕೆ ಇವೆರಡಕ್ಕೂ ಭೇದವಿಲ್ಲ. ತೆನೆ ಎಲ್ಲಿ ಮುರಿದರೂ ತೆನೆಯೇ. ವಿಚಾರಿಸಿದರೆ ಭೇದವೆಲ್ಲ ಅಲ್ಲಿಯೇ ಇದೆ. ಕಣದಲ್ಲಿ ಕೈಗೆ ಬಂದ ತೆನೆ ತನ್ನ ಗಿಡವನ್ನು ಹೊಲದಲ್ಲಿಯೇ ಬಿಟ್ಟು ಬಂದಿದೆ. ಆ ಗಿಡಕ್ಕೆ ಎಷ್ಟು ತೆಂಡೆಯಿತ್ತು, ಗಾಳಿಗೆ ಮಲಗಿತ್ತೇ ನಿಂತಿತ್ತೇ, ಪಕ್ಕದ ಗಿಡಕ್ಕೆ ಬೆಂಕಿ ರೋಗ ಬಂದಾಗ ತಾನು ಹೇಗಿತ್ತು, ಎಲ್ಲ ತೆಂಡೆಗಳೂ ಒಟ್ಟಿಗೆ ಮಾಗಿದುವೇ ಎಂಬುದೊಂದನ್ನೂ ಅದು ಹೇಳಲಾರದು. ಅದು ಹೇಳುವುದು ತನ್ನ ಗಾತ್ರವನ್ನು ಮಾತ್ರ.

ಗಾತ್ರವೊಂದೇ ಸಾಲದೇ ಎಂದು ಕೇಳಬಹುದು. ಇಲ್ಲಿಯೇ ‘ಒಳ್ಳೆಯ ಗುಣ’ವೆಂದರೆ ಯಾವುದು ಎಂಬ ಪ್ರಶ್ನೆ ಏಳುತ್ತದೆ. ಮನೆಯಲ್ಲಿ ನಾಲ್ವರನ್ನು ಕೇಳಿದರೆ ನಾಲ್ಕು ಉತ್ತರ ಬರುವ ಪ್ರಶ್ನೆಯಿದು. ಅಪ್ಪನಿಗೆ ಕಾಳು ಹೆಚ್ಚು ಬರಬೇಕು. ಚಿಕ್ಕಪ್ಪ ದನ ನೋಡಿಕೊಳ್ಳುವವರು. ಅವರಿಗೆ ಹುಲ್ಲು ಉದ್ದವಾಗಿ ಮೆದುವಾಗಿರಬೇಕು, ದಪ್ಪ ಕಡ್ಡಿಯ ಹುಲ್ಲನ್ನು ದನ ಅರ್ಧ ತಿಂದು ಅರ್ಧ ತುಳಿಯುತ್ತದೆಂದು ಅವರ ದೂರು. ಅಮ್ಮನಿಗೆ ಹಿಟ್ಟು ಚೆನ್ನಾಗಿ ಬೇಯಬೇಕು, ಮುದ್ದೆ ಒಡೆಯಬಾರದು. ಅಜ್ಜಿಗೆ ಎಲ್ಲಕ್ಕಿಂತ ಮೊದಲು, ಮಳೆ ಕೈಕೊಟ್ಟ ವರ್ಷವೂ ಏನಾದರೊಂದು ಮನೆಗೆ ಬರಬೇಕು. ಇವುಗಳಲ್ಲಿ ಒಂದನ್ನು ಹಿಡಿದರೆ ಮತ್ತೊಂದು ಜಾರುವುದುಂಟು. ಉದ್ದನೆಯ ಪೈರು ಹುಲ್ಲು ಕೊಡುತ್ತದೆ, ಆದರೆ ಚಿತ್ತೆ ಮಳೆಯ ಗಾಳಿಗೆ ಮಲಗಿಬಿಡುತ್ತದೆ. ಗಿಡ್ಡನೆಯದು ಮಲಗದು, ಆದರೆ ಅಟ್ಟಣೆಯಲ್ಲಿ ಹುಲ್ಲು ಕಾಣದು. ತಡವಾಗಿ ಮಾಗುವ ರಾಗಿ ಮಳೆ ಚೆನ್ನಾದ ವರ್ಷ ಕಣ ತುಂಬಿಸುತ್ತದೆ, ಮಳೆ ಬೇಗ ಹಿಂತೆಗೆದ ವರ್ಷ ಹಾಲುಗಾಳಿನಲ್ಲಿಯೇ ಸೊರಗುತ್ತದೆ. ಬೆರಳುಗಳು ಒಳಕ್ಕೆ ಮಡಿಸಿ ಮುಷ್ಟಿಯಂತಿರುವ ತೆನೆ ನೋಡಲು ಗಟ್ಟಿ, ತೂಕವೂ ಹೆಚ್ಚು. ಕೊಯ್ಲಿನ ಹೊತ್ತಿಗೆ ಜಡಿಮಳೆ ಹಿಡಿದರೆ ಅದರೊಳಗೆ ನೀರು ಆರದೆ ಕಾಳು ಕೆಡುತ್ತದೆಂದು ಹಿರಿಯರು ಹೇಳುತ್ತಾರೆ. ಬೆರಳು ಬಿಚ್ಚಿದ ತೆನೆ ಬೇಗ ಆರುತ್ತದೆ.

ಬಿಳಿ ರಾಗಿಯ ಉದಾಹರಣೆ ಇನ್ನೂ ಸ್ವಾರಸ್ಯವಾದುದು. ಅದರ ಹಿಟ್ಟು ನೋಡಲು ಚೆಂದ. ರೊಟ್ಟಿ, ಬಿಸ್ಕತ್ತು ಮಾಡುವವರಿಗೆ ಅದೇ ಬೇಕು. ಆದರೆ ಕೆಂಪು ರಾಗಿಯ ಸಿಪ್ಪೆಯಲ್ಲಿರುವ ಒಗರಿನ ಅಂಶವೇ ಕಾಳನ್ನು ಬೂಷ್ಟಿನಿಂದ ಕಾಯುವ ಕವಚ. ಆ ಬಣ್ಣವನ್ನು ಬೇಡವೆಂದು ತೆಗೆದವರು ಆ ಕವಚದ ಒಂದು ಭಾಗವನ್ನೂ ತೆಗೆದಂತಾಯಿತು. ಗುಣಗಳು ಸಂತೆಯಲ್ಲಿ ತರಕಾರಿ ಆರಿಸಿದಂತೆ ಒಂದೊಂದೇ ಆರಿಸಿಕೊಳ್ಳಲು ಬರುವುದಿಲ್ಲ. ಕೆಲವು ಜೋಡಿಯಾಗಿಯೇ ಬರುತ್ತವೆ. ನಮ್ಮ ನಾಡಿನಲ್ಲಿ ಉಂಡೆ ರಾಗಿ, ಗಿಡ್ಡ ರಾಗಿ, ಹಸಿರುಕಂಬಿ, ರುದ್ರಜಡೆ, ಕೋಣನಕೊಂಬಿನ ರಾಗಿ, ಎಡಗು ರಾಗಿ ಎಂದು ಅಷ್ಟೊಂದು ಹೆಸರುಗಳಿರುವುದಕ್ಕೆ ಇದೇ ಕಾರಣವಿರಬೇಕೆಂದು ನನ್ನ ಊಹೆ. ಒಂದೊಂದು ಹೆಸರಿನ ಹಿಂದೆಯೂ ಯಾರೋ ಯಾವುದೋ ಒಂದು ಗುಣಕ್ಕಾಗಿ ಇನ್ನೊಂದನ್ನು ಬಿಟ್ಟುಕೊಟ್ಟ ತೀರ್ಮಾನವಿದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬೇಕಾದ ಗುಣ ಇಂಥದೆಂದು ತೀರ್ಮಾನವಾಯಿತು. ಆ ಗುಣವುಳ್ಳ ಗಿಡವೂ ಕಣ್ಣಿಗೆ ಬಿತ್ತು. ಅದರ ಬೀಜ ಬಿತ್ತಿದರೆ ಮಕ್ಕಳೂ ಹಾಗೆಯೇ ಆಗುವುವೇ?

ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಪ್ರತಿ ಕಾರ್ತಿಕದಲ್ಲಿಯೂ ಒಂದು ಸಣ್ಣ ವಾಗ್ವಾದ ನಡೆಯುತ್ತದೆ. ಹೊಲದ ಮೂಲೆಯಲ್ಲಿ ತಿಪ್ಪೆಯಿದೆ. ಅದರ ಮಗ್ಗುಲ ಪೈರು ಎದೆಯುದ್ದ ಬೆಳೆದು, ತೆನೆ ಅಂಗೈಯಗಲ ಬಿಟ್ಟಿರುತ್ತದೆ. ಅಪ್ಪ ಅಲ್ಲಿಂದಲೇ ಬೀಜಕ್ಕೆ ತೆಗೆಯೋಣವೆನ್ನುತ್ತಾರೆ. ಅಜ್ಜಿ ಒಪ್ಪುವುದಿಲ್ಲ. “ಅದು ತಿಪ್ಪೆ ಬೆಳೆಸಿದ್ದು ಕಣಪ್ಪ. ವರ್ಷ ವರ್ಷ ಹೊಲಕ್ಕೆಲ್ಲ ಅಷ್ಟು ಗೊಬ್ಬರ ನೀನು ಹಾಕೀಯಾ?” ಎಂದು ಕೇಳಿ, ತಾವು ಹೊಲದ ನಡುವಿನಿಂದ, ಬಡ ನೆಲದಿಂದ ಆರಿಸಿ ತರುತ್ತಾರೆ. ಬದುವಿನ ಅಂಚಿನ ಗಿಡವನ್ನೂ, ಸಾಲು ತಪ್ಪಿ ಸುತ್ತ ಬರಿದಾದ ಜಾಗದಲ್ಲಿ ಒಂಟಿಯಾಗಿ ಕೊಬ್ಬಿದ ಗಿಡವನ್ನೂ ಅವರು ಮುಟ್ಟುವುದಿಲ್ಲ. ನೆರೆಹೊರೆಯಿಲ್ಲದ ಗಿಡಕ್ಕೆ ಬಿಸಿಲು, ನೀರು ಎಲ್ಲವೂ ಪಾಲಿಲ್ಲದೆ ದೊರೆಯುತ್ತದೆ. ಅದರ ಸಿರಿ ಅದರ ಜಾಗದ ಸಿರಿ.

ಇದೇ ಮಾತನ್ನು ಡೆನ್ಮಾರ್ಕ್ ದೇಶದ ಯೊಹಾನ್ಸೆನ್ ಎಂಬ ವಿದ್ವಾಂಸರು ೧೯೦೩ರಲ್ಲಿ ತೂಕಮಾಡಿ ತೋರಿಸಿದರು. ಅವರು ಆರಿಸಿಕೊಂಡುದು ಹುರುಳಿಕಾಯಿಯ ಜಾತಿಯ ಒಂದು ಬೀಜವನ್ನು. ಒಂದೇ ಹೆಸರಿನ ತಳಿಯೆಂದು ಮಾರುತ್ತಿದ್ದ ಬೀಜದಲ್ಲಿ ಸಣ್ಣದು, ದೊಡ್ಡದು ಎಲ್ಲವೂ ಇದ್ದುವು. ಅವರು ಒಂದೊಂದು ಕಾಳಿನ ಸಂತತಿಯನ್ನೂ ಬೇರೆಬೇರೆಯಾಗಿ ಬೆಳೆಸಿ ೧೯ ಕುಲಗಳನ್ನು ಮಾಡಿದರು. ಕುಲಕುಲಕ್ಕೂ ನಿಜವಾದ ವ್ಯತ್ಯಾಸ ಕಂಡುಬಂದಿತು. ಅತ್ಯಂತ ಹಗುರವಾದ ಕುಲದ ಕಾಳಿನ ಸರಾಸರಿ ತೂಕ ಸುಮಾರು ೩೫ ಸೆಂಟಿಗ್ರಾಂ, ಅತ್ಯಂತ ಭಾರವಾದುದು ಸುಮಾರು ೬೪. ಆದರೆ ಒಂದೇ ಕುಲದೊಳಗೆ ದೊಡ್ಡ ಕಾಳನ್ನು ಆರಿಸಿ ಬಿತ್ತಿದಾಗಲೂ, ಸಣ್ಣ ಕಾಳನ್ನು ಆರಿಸಿ ಬಿತ್ತಿದಾಗಲೂ, ಮಕ್ಕಳ ಸರಾಸರಿ ಒಂದೇ ಆಯಿತು. ಕುಲದೊಳಗಿನ ಹೆಚ್ಚುಕಡಿಮೆ ಮಣ್ಣಿನದು, ನೀರಿನದು, ಕಾಯೊಳಗೆ ಕಾಳು ಕುಳಿತ ಜಾಗದ್ದು. ಅದು ಬೀಜಕ್ಕೆ ಇಳಿಯುವುದಿಲ್ಲ. ಕುಲಕುಲದ ನಡುವಿನ ಹೆಚ್ಚುಕಡಿಮೆ ಮಾತ್ರ ಇಳಿಯುತ್ತದೆ. ಕಣ್ಣಿಗೆ ಎರಡೂ ಒಂದೇ ಬಗೆಯಾಗಿ ಕಾಣುವುದರಿಂದಲೇ ಈ ಮೋಸ.

ಹಾಗಾದರೆ ಇವೆರಡನ್ನು ಬೇರ್ಪಡಿಸುವ ಬಗೆ ಯಾವುದು? ಅದಕ್ಕೂ ಹಿಂದೆಯೇ, ೧೮೫೦ರ ದಶಕದಲ್ಲಿ, ಫ್ರಾನ್ಸಿನ ವಿಲ್ಮೋರಾ ಎಂಬ ಬೀಜ ವ್ಯಾಪಾರಿಗಳ ಮನೆತನದವರೊಬ್ಬರು ಸಕ್ಕರೆ ಗೆಡ್ಡೆಯಲ್ಲಿ ದಾರಿ ತೋರಿಸಿದ್ದರು. ಗಿಡವನ್ನು ಗಿಡದಿಂದ ಅಳೆಯಬೇಡ, ಅದರ ಮಕ್ಕಳಿಂದ ಅಳೆ ಎಂಬುದು ಅವರ ಸೂತ್ರ. ಹತ್ತು ತೆನೆ ಆರಿಸಿದೆವೆನ್ನೋಣ. ಹತ್ತನ್ನೂ ಒಟ್ಟಿಗೆ ಬಡಿದು ಒಂದೇ ಚೀಲಕ್ಕೆ ತುಂಬಿದರೆ, ತಿಪ್ಪೆಯ ಭಾಗ್ಯದಿಂದ ದೊಡ್ಡದಾದುದೂ ಕುಲದ ಭಾಗ್ಯದಿಂದ ದೊಡ್ಡದಾದುದೂ ಬೆರೆತುಹೋಗುತ್ತವೆ. ಅದಕ್ಕೆ ಬದಲಾಗಿ ಒಂದೊಂದು ತೆನೆಯನ್ನೂ ಬೇರೆ ಕಟ್ಟಿಟ್ಟು, ಮರುವರ್ಷ ಒಂದೇ ಬಗೆಯ ನೆಲದಲ್ಲಿ ತೆನೆಗೊಂದು ಸಾಲಿನಂತೆ ಬೆಳೆಸಿದರೆ, ಯಾವ ತಾಯಿಯ ಮಕ್ಕಳು ಸಾಲಿಗೆ ಸಾಲೇ ಚೆನ್ನಾಗಿವೆಯೆಂಬುದು ಎದುರಿಗೇ ಕಾಣುತ್ತದೆ. ತಾಯಿಗೆ ದೊರೆತಿದ್ದ ತಿಪ್ಪೆ ಮಕ್ಕಳಿಗೆ ದೊರೆಯದು.

ಈ ಉಪಾಯ ರಾಗಿಗೆ ವಿಶೇಷವಾಗಿ ಒಪ್ಪುವುದಕ್ಕೆ ಕಾರಣ ರಾಗಿಯ ಹೂವು. ಅದು ಎಷ್ಟು ಸಣ್ಣದೆಂದರೆ ರಾಗಿ ಬೆಳೆಯುವವರಲ್ಲಿಯೂ ಅದನ್ನು ನಿಂತು ನೋಡಿದವರು ಕಡಿಮೆ. ಮುಂಜಾವದ ಕತ್ತಲಿನಲ್ಲಿ ಅರಳುತ್ತದೆ. ಗಂಡು ಹೆಣ್ಣು ಎರಡೂ ಒಂದೇ ಹೂವಿನಲ್ಲಿದ್ದು, ಮೂರು ಕೇಸರಗಳು ತಮ್ಮ ಪರಾಗವನ್ನು ತಮ್ಮದೇ ಹೂವಿನ ಕುಂಚದ ಮೇಲೆ ಉದುರಿಸಿಬಿಡುತ್ತವೆ. ನೂರು ಕಾಳಿನಲ್ಲಿ ಒಂದಾದರೂ ಹೊರಗಿನ ಪರಾಗದಿಂದ ಹುಟ್ಟಿದ್ದೆಂದು ಹೇಳುವುದು ಕಷ್ಟ. ಆದುದರಿಂದ ರಾಗಿಯ ತೆನೆಯೆಂದರೆ ಒಂದು ಕುಲ. ತಾಯಿಯನ್ನು ಆರಿಸಿದರೆ ತಂದೆಯನ್ನೂ ಆರಿಸಿದಂತೆಯೇ.

ಎಲ್ಲ ಬೆಳೆಯಲ್ಲಿಯೂ ಹೀಗಲ್ಲ. ಮುಸುಕಿನ ಜೋಳದಲ್ಲಿ ನೆತ್ತಿಯ ಮೇಲಿನ ಗಂಡು ಹೂವಿನ ಪುಡಿ ಗಾಳಿಯಲ್ಲಿ ಹಾರಿ ಪಕ್ಕದ ಹೊಲದ ತೆನೆಗೂ ತಗಲುತ್ತದೆ. ಒಂದೇ ತೆನೆಯ ಕಾಳುಗಳಿಗೆ ಹತ್ತಾರು ತಂದೆಯರಿರಬಹುದು. ಪರಂಗಿ ಗಿಡವಂತೂ ಹೂ ಬಿಡುವವರೆಗೆ ತಾನು ಗಂಡೋ ಹೆಣ್ಣೋ ಎಂಬ ಗುಟ್ಟನ್ನೇ ಬಿಟ್ಟುಕೊಡದು. ಭಂಗಿ ಗಿಡವನ್ನು ನಮ್ಮಲ್ಲಿ ಎಲ್ಲರೂ ಅದರ ಮಾದಕ ಗುಣಕ್ಕೆ ಮಾತ್ರ ಬಲ್ಲರು. ಯುರೋಪಿನ ದೇಶಗಳಲ್ಲಿ ಅದನ್ನು ಹಗ್ಗ, ಬಟ್ಟೆಯ ನಾರಿಗಾಗಿ ಬಹುಕಾಲ ಬೆಳೆದಿದ್ದಾರೆ. ಅದರಲ್ಲಿಯೂ ಸಾಮಾನ್ಯವಾಗಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ನಾರು ಹೆಚ್ಚಾಗಿರುವ ಹೆಣ್ಣು ಗಿಡವನ್ನು ಆರಿಸಿ ಬೀಜ ತೆಗೆದರೂ ಅದು ಅರ್ಧ ಕೆಲಸವಷ್ಟೇ, ಗಾಳಿ ಯಾವ ಗಂಡಿನ ಪರಾಗ ತಂದಿತೋ ಬಲ್ಲವರಾರು? ಕಳೆದ ಶತಮಾನದ ಮೊದಲರ್ಧದಲ್ಲಿ ಜರ್ಮನಿಯ ಬ್ರೆಡೆಮಾನ್ ಎಂಬುವರು ಇದಕ್ಕೊಂದು ಜಾಣತನದ ದಾರಿ ಹುಡುಕಿದರು. ಗಂಡು ಗಿಡ ಹೂ ಬಿಡುವ ಮೊದಲೇ ಅದರ ಕಾಂಡವನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಕೊಯ್ದು ನಾರು ಅಳೆಯುವುದು. ಉಳಿದರ್ಧ ಜೀವದಿಂದಿರುತ್ತದೆ. ನಾರು ಕಡಿಮೆಯಾದ ಗಂಡುಗಳನ್ನೆಲ್ಲ ಪರಾಗ ಉದುರುವ ಮುಂಚೆಯೇ ಕಿತ್ತುಹಾಕಿ, ಒಳ್ಳೆಯವನ್ನು ಮಾತ್ರ ಉಳಿಸುವುದು. ಅಂಥ ಗಿಡಗಳಲ್ಲಿ ಇಷ್ಟೆಲ್ಲ ಪಾಡುಪಟ್ಟು ಸಾಧಿಸಬೇಕಾದುದನ್ನು ರಾಗಿ ತಾನಾಗಿಯೇ ಮಾಡಿಕೊಡುತ್ತದೆ. ಬಡವರ ಬೆಳೆಗೆ ದೇವರು ಇದೊಂದು ಉಪಕಾರ ಮಾಡಿದ್ದಾನೆ.

ಮೈಸೂರು ಸಂಸ್ಥಾನದಲ್ಲಿ ರಾಗಿಯ ಆಯ್ಕೆ ಶಾಸ್ತ್ರೀಯವಾಗಿ ಆರಂಭವಾದುದು ೧೯೧೩ರಲ್ಲಿ. ಕೆನಡಾ ದೇಶದಿಂದ ಬಂದು ನಮ್ಮ ವ್ಯವಸಾಯ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಅವರು ರೈತರ ಹೊಲಗಳ ರಾಗಿಯನ್ನು ತರಿಸಿ, ಕುಲಗಳನ್ನು ಬೇರ್ಪಡಿಸಿ ಹೋಲಿಸುವ ಕೆಲಸ ಹಿಡಿಸಿದರು. ೧೯೧೮ರಲ್ಲಿ ‘ಎಚ್ ೨೨’ ಎಂಬ ತಳಿ ಹೊರಬಂದಿತು. ಇದು ಹೊಸದಾಗಿ ಸೃಷ್ಟಿಸಿದ ರಾಗಿಯಲ್ಲ, ರೈತರ ಹೊಲದಲ್ಲಿ ಬೆರೆತಿದ್ದುದನ್ನು ಆರಿಸಿ ತೆಗೆದುದು.

ಆದರೆ ಆಯ್ಕೆಗೂ ಒಂದು ಎಲ್ಲೆಯಿದೆ. ಬೆರಕೆ ಬೀಜದಿಂದ ಒಳ್ಳೆಯ ಕುಲವನ್ನು ಬೇರ್ಪಡಿಸಿದ ಮೇಲೆ, ಆ ಕುಲದೊಳಗೆ ಎಷ್ಟು ವರ್ಷ ಆರಿಸಿದರೂ ಮುಂದಕ್ಕೆ ಹೋಗಲಾಗದು. ಯೊಹಾನ್ಸೆನ್ನರ ಕಾಳಿನ ಪಾಠವೇ ಇಲ್ಲಿಯೂ. ಇಲ್ಲದ ಗುಣವನ್ನು ಆರಿಸುವುದು ಹೇಗೆ? ಎರಡು ಕುಲಗಳನ್ನು ಕೂಡಿಸಬೇಕು. ರಾಗಿಯ ಸಣ್ಣ ಹೂವು ಇಲ್ಲಿ ಉಪಕಾರಕ್ಕೆ ಬದಲು ಅಪಕಾರವಾಗಿ ನಿಂತಿತು. ತನ್ನನ್ನು ತಾನೇ ಫಲಿಸಿಕೊಳ್ಳುವ ಹೂವಿಗೆ ಪರರ ಪರಾಗ ಹಾಕುವುದು ಸುಲಭವಲ್ಲ. ಇದನ್ನು ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಫಾರಂನಲ್ಲಿ ಜೀವಮಾನದ ಕೆಲಸವಾಗಿ ಹಿಡಿದವರು ಸಿ. ಎಚ್. ಲಕ್ಷ್ಮಣಯ್ಯನವರು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು.

ರಾಗಿಯನ್ನು ಕೂಡಿಸುವ ಉಪಾಯಗಳಲ್ಲಿ ಒಂದನ್ನು ಹೇಳಲೇಬೇಕು. ಎರಡು ತಳಿಗಳ ತೆನೆಗಳನ್ನು ಅರಳುವ ಮುನ್ನ ಒಂದಕ್ಕೊಂದು ತಗಲಿಸಿ ಕಟ್ಟಿ, ಮೇಲೊಂದು ಕಾಗದದ ಚೀಲ ತೊಡಿಸುತ್ತಾರೆ. ಸಾವಿರ ಹೂಗಳಲ್ಲಿ ಎಲ್ಲೋ ಕೆಲವಕ್ಕೆ ಪಕ್ಕದ ತೆನೆಯ ಪರಾಗ ದಕ್ಕುತ್ತದೆ. ಆ ಕೆಲವನ್ನು ಗುರುತಿಸುವುದು ಹೇಗೆಂದರೆ, ತಾಯಿಯಾಗಿ ಹಸಿರು ಗಿಣ್ಣಿನ ಗಿಡವನ್ನೂ ತಂದೆಯಾಗಿ ನೇರಳೆ ಗಿಣ್ಣಿನ ಗಿಡವನ್ನೂ ಇಟ್ಟುಕೊಳ್ಳುವುದು. ನೇರಳೆಯ ಗುಣ ಹಸಿರನ್ನು ಮೀರುವಂಥದು. ತಾಯಿಯ ಬೀಜವನ್ನು ಮಡಿಯಲ್ಲಿ ಚೆಲ್ಲಿ, ಹಸಿರು ಸಸಿಗಳ ನಡುವೆ ನೇರಳೆ ಬಣ್ಣದವು ಕಂಡರೆ ಅವೇ ಕೂಡುಕುಲದ ಮಕ್ಕಳು. ‘ಸಿರಿಯನ್ನು ಮೊಳಕೆಯಲ್ಲಿ ನೋಡು’ ಎಂಬ ಗಾದೆ ಅಕ್ಷರಶಃ ನಿಜವಾಗುವುದನ್ನು ನಾನು ಕಂಡುದು ಇದೊಂದು ಕಡೆ.

ಲಕ್ಷ್ಮಣಯ್ಯನವರು ಮೊದಲು ದೇಶೀ ರಾಗಿಗಳನ್ನೇ ಕೂಡಿಸಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಕೊಟ್ಟರು. ಅನಂತರ ಅವರ ದೃಷ್ಟಿ ಆಫ್ರಿಕಾದ ಕಡೆಗೆ ಹೋಯಿತು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಇಲ್ಲಿಗೆ ಬಂದ ಬೆಳೆಯದು. ತವರಿನಲ್ಲಿ ಉಳಿದ ರಾಗಿಗೆ ದಪ್ಪ ಕಾಂಡ, ದೊಡ್ಡ ತೆನೆ, ಆದರೆ ಮಾಗುವುದು ತಡ. ಇಲ್ಲಿಗೆ ಬಂದುದು ನಮ್ಮ ಮಳೆಗಾಲಕ್ಕೆ ಹೊಂದಿ ಬೇಗ ಮಾಗುವುದನ್ನು ಕಲಿತಿತ್ತು. ೧೯೬೦ರ ದಶಕದಲ್ಲಿ ಅವರು ಈ ಎರಡನ್ನೂ ಕೂಡಿಸತೊಡಗಿದರು. ಹೀಗೆ ಹುಟ್ಟಿದುವೇ ‘ಇಂಡಾಫ್’ ತಳಿಗಳು. ಇಂಡಿಯಾ, ಆಫ್ರಿಕಾ ಎರಡರ ಹೆಸರೂ ಅದರಲ್ಲಿ ಸೇರಿದೆ. ಕೂಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲವೆಂಬುದನ್ನು ಗಮನಿಸಬೇಕು. ಮೊದಲ ಪೀಳಿಗೆ ಒಂದೇ ಬಗೆಯಾಗಿದ್ದರೂ ಎರಡನೆಯ ಪೀಳಿಗೆಯಲ್ಲಿ ಅಜ್ಜಂದಿರ ಗುಣಗಳೆಲ್ಲ ಚೆದರಿ ನಾನಾ ಬಗೆಯ ಗಿಡಗಳು ಏಳುತ್ತವೆ. ಅವುಗಳಲ್ಲಿ ಬೇಕಾದುದನ್ನು ಆರಿಸಿ, ತೆನೆಗೊಂದು ಸಾಲು ಬೆಳೆಸಿ, ಮತ್ತೆ ಆರಿಸಿ, ಐದಾರು ಪೀಳಿಗೆ ಕಾಯಬೇಕು. ಕೊನೆಗೂ ಅಜ್ಜಿಯ ಕೆಲಸವೇ ಅದು, ಹೆಚ್ಚಿನ ಸಾಮಗ್ರಿಯ ಮೇಲೆ, ಲೆಕ್ಕವಿಟ್ಟು ಮಾಡಿದ್ದು.

ಇಂಡಾಫ್ ತಳಿಗಳಿಂದ ರಾಗಿಯ ಇಳುವರಿ ಹೆಚ್ಚಿತೆಂಬುದರಲ್ಲಿ ಸಂದೇಹವಿಲ್ಲ. ಮುಂದೆ ಬೆಂಕಿ ರೋಗದ ಕಾಟಕ್ಕೆ ಉತ್ತರವಾಗಿ ೧೯೯೦ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ‘ಜಿಪಿಯು ೨೮’ ಬಂದಿತು. ಇಂಡಾಫ್ ೫ ಅದರ ಹಿರಿಯರಲ್ಲೊಂದು. ತೆನೆಯ ಕುತ್ತಿಗೆ ಕಪ್ಪಾಗಿ, ಕಾಳು ಕಟ್ಟದೆ, ಇಡೀ ಹೊಲ ಬಿಳಿಚಿ ನಿಲ್ಲುವುದನ್ನು ಕಂಡವರಿಗೆ ರೋಗ ತಡೆಯುವ ಗುಣದ ಬೆಲೆ ಗೊತ್ತು. ಇಂದು ನಮ್ಮ ಸುತ್ತಿನ ಹೊಲಗಳಲ್ಲಿ ಹೆಚ್ಚಾಗಿ ಕಾಣುವುದು ಅದೇ.

ಇಲ್ಲಿ ನನ್ನ ಮನಸ್ಸಿಗೆ ತೋರಿದ ಒಂದು ಮಾತನ್ನು ಹೇಳಬಯಸುತ್ತೇನೆ. ಪ್ರಯೋಗಶಾಲೆಯ ಆಯ್ಕೆಯಲ್ಲಿ ಎಕರೆಗೆ ಎಷ್ಟು ಕ್ವಿಂಟಾಲ್ ಎಂಬುದು ಮೊದಲನೆಯ ಪ್ರಶ್ನೆ. ಅದು ಸರಿಯೇ, ದೇಶಕ್ಕೆ ಅನ್ನ ಬೇಕು. ಆದರೆ ಮನೆಯ ಆಯ್ಕೆಯಲ್ಲಿ ಅಕ್ಕಡಿ ಸಾಲಿನ ಅವರೆಗೂ ಹುಚ್ಚೆಳ್ಳಿಗೂ ಜಾಗ ಬಿಡುವ ರಾಗಿ ಬೇಕು, ದನಕ್ಕೆ ರುಚಿಸುವ ಹುಲ್ಲು ಬೇಕು, ತಡವಾಗಿ ಬಿದ್ದ ಮಳೆಗೆ ಬಿತ್ತಿದರೂ ಕೈಬಿಡದ ಬೀಜ ಬೇಕು. ಈಚೆಗೆ ಕೊಯ್ಲಿಗೆ ಯಂತ್ರ ಬಂದಿದೆ. ಯಂತ್ರಕ್ಕೆ ಎಲ್ಲ ಗಿಡವೂ ಒಂದೇ ಎತ್ತರ, ಎಲ್ಲ ತೆನೆಯೂ ಒಂದೇ ದಿನ ಮಾಗಿರಬೇಕು. ಅಂದರೆ ಒಳ್ಳೆಯ ಗುಣವೆಂಬುದನ್ನು ತೀರ್ಮಾನಿಸುವವರ ಸಾಲಿಗೆ ಯಂತ್ರವೂ ಸೇರಿತು. ೨೦೨೩ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಪೇಟೆಯ ಕೊಳ್ಳುವವರೂ ಸೇರಿದರು. ಹೊಲದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಕಳೆ ಕೀಳುವವರನ್ನು ಈ ಸಾಲಿನ ಕೊನೆಗೆ ತಳ್ಳಬಾರದಷ್ಟೆ. ಸರ್ಕಾರದ ಬೀಜ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿಯೂ ಒಂದೂವರೆ ಎಕರೆಗೆ ಜಿಪಿಯು ೨೮ನ್ನೇ ಹಾಕುತ್ತೇವೆ. ಉಳಿದ ಎಕರೆಯಲ್ಲಿ ಅಜ್ಜಿಯ ಹಳೆಯ ರಾಗಿ ಇದೆ. ಒಂದೇ ಕುಲದ ಬೀಜ ಊರಿಗೆ ಊರನ್ನೇ ಆವರಿಸಿದಾಗ, ಆ ಕುಲವನ್ನು ಗೆಲ್ಲುವ ರೋಗವೊಂದು ಬಂದರೆ ಯಾವ ಹೊಲವೂ ಉಳಿಯದು. ಬೆರಕೆಯ ಹೊಲದಲ್ಲಿ ಕೆಲವು ಗಿಡವಾದರೂ ನಿಂತಿರುತ್ತವೆ, ಮುಂದಿನ ಆಯ್ಕೆಗೆ ಅವೇ ಮೂಲಧನ.

ಹೀಗೆ ಓದಿದುದನ್ನೂ ಮನೆಯಲ್ಲಿ ಕಂಡುದನ್ನೂ ಕೂಡಿಸಿ, ಸಣ್ಣ ಹಿಡುವಳಿಯವರು ಮಾಡಬಹುದಾದ ಕ್ರಮವೊಂದನ್ನು ಬರೆಯುತ್ತೇನೆ. ಹಳ್ಳಿಯಿಂದ ಬರುವ ಸಹಪಾಠಿಗಳು ಪರೀಕ್ಷಿಸಿ ನೋಡಬಹುದು. ಪೈರು ಮಾಗಿ ಕೊಯ್ಲಿಗೆ ಒಂದು ವಾರ ಇರುವಾಗ ಹೊಲದ ನಡುವೆ ಹೋಗಬೇಕು. ಅಂಚು, ಬದು, ತಿಪ್ಪೆಯ ಮಗ್ಗುಲು, ಸಾಲು ತಪ್ಪಿದ ಜಾಗ ಇವನ್ನು ಬಿಡಬೇಕು. ನಾಲ್ಕು ಕಡೆಯೂ ನೆರೆಯ ಗಿಡಗಳಿದ್ದು, ಅವುಗಳ ನಡುವೆಯೂ ಮೇಲಾಗಿ ಕಾಣುವ ಗಿಡವನ್ನು ಹುಡುಕಬೇಕು. ಹೊಲವನ್ನು ಮನಸ್ಸಿನಲ್ಲಿಯೇ ಚೌಕ ಚೌಕವಾಗಿ ಭಾಗಮಾಡಿಕೊಂಡು, ಒಂದು ಚೌಕದಿಂದ ಎರಡು ಗಿಡದಂತೆ ಆರಿಸಿದರೆ ಫಲವತ್ತಾದ ಒಂದೇ ಮೂಲೆಗೆ ಕಣ್ಣು ಬೀಳುವುದು ತಪ್ಪುತ್ತದೆ. ಆಮೇಲೆ ತೆನೆಯನ್ನಲ್ಲದೆ ಇಡೀ ಗಿಡವನ್ನು ನೋಡಬೇಕು: ತೆಂಡೆಗಳೆಲ್ಲ ತೆನೆ ಬಿಟ್ಟಿವೆಯೇ, ಕುತ್ತಿಗೆ ಶುದ್ಧವಾಗಿದೆಯೇ, ಕಾಂಡ ನೆಟ್ಟಗಿದೆಯೇ. ಮೂವತ್ತು ನಲವತ್ತು ಗಿಡ ಸಾಕು.

ಮರುವರ್ಷ ಒಂದೊಂದು ಗಿಡದ ಬೀಜಕ್ಕೂ ಒಂದೊಂದು ಸಾಲು. ನಡುನಡುವೆ ಮನೆಯ ಮಾಮೂಲು ಬೀಜದ ಸಾಲೂ ಇರಬೇಕು, ಹೋಲಿಸಲು ಅದೇ ಅಳತೆಗೋಲು. ಆ ಸಾಲುಗಳಿಗೆಂದು ಹೆಚ್ಚಿನ ಗೊಬ್ಬರ ಹಾಕಬಾರದು. ಪರೀಕ್ಷೆಗೆ ಕುಳಿತವರಿಗೆ ಉತ್ತರ ಹೇಳಿಕೊಟ್ಟಂತೆ ಅದು. ಹುಲ್ಲನ್ನೂ ಕಾಳನ್ನೂ ಬೇರೆಬೇರೆ ತೂಗಿ, ಉತ್ತಮವಾದ ನಾಲ್ಕೈದು ಸಾಲುಗಳನ್ನು ಉಳಿಸಿಕೊಳ್ಳುವುದು. ಬೀಜ ಸಾಲದೆಂಬ ಭಯ ಬೇಡ. ಒಂದು ಗ್ರಾಂ ರಾಗಿಯಲ್ಲಿ ಮುನ್ನೂರೈವತ್ತಕ್ಕೆ ಕಡಿಮೆಯಿಲ್ಲದೆ ಕಾಳುಗಳಿರುತ್ತವೆ. ಮೂವತ್ತು ಗಿಡದ ಒಂದು ಸಾಲಿನ ಬೀಜದಿಂದ ಮೂರನೆಯ ಮುಂಗಾರಿಗೆ ಹಲವು ಗುಂಟೆ ನಾಟಿ ಮಾಡಬಹುದು. ಬಿತ್ತುವ ಮುನ್ನ ನೀರಿನಲ್ಲಿ ಹಾಕಿ ತೇಲಿದ ಜೊಳ್ಳನ್ನು ತೆಗೆಯುವುದು ಒಳ್ಳೆಯ ಪದ್ಧತಿಯೇ. ಆದರೆ ಅದರಿಂದ ಮೊಳಕೆಯ ಬಲ ಹೆಚ್ಚುತ್ತದೆಯೇ ಹೊರತು ಕುಲ ಬದಲಾಗುವುದಿಲ್ಲ.

ಕಣದಲ್ಲಿ ಬೆರೆಯದಂತೆ ಕಾಯುವುದು ಇದರಲ್ಲಿ ಅತ್ಯಂತ ಕಷ್ಟದ ಭಾಗ. ರಾಗಿ ಕಾಳು ನೆಲದ ಬಿರುಕಿನಲ್ಲಿ, ಗೋಣಿಯ ಹೊಲಿಗೆಯಲ್ಲಿ ಎಲ್ಲೆಂದರಲ್ಲಿ ಅಡಗುತ್ತದೆ. ಆರಿಸಿದ ಗಿಡಗಳ ತೆನೆಗಳನ್ನು ರೋಣಗಲ್ಲಿಗೆ ಹಾಕದೆ, ಒಂದೊಂದನ್ನೂ ಬೇರೆ ಬಟ್ಟೆಯ ಮೇಲೆ ಕೈಯಿಂದಲೇ ಉಜ್ಜಬೇಕು. ನಾನು ಕಳೆದ ಸುಗ್ಗಿಯಲ್ಲಿ ಮೂವತ್ತೆರಡು ಗಿಡದ ಬೀಜವನ್ನು ಹೀಗೆ ತೆಗೆದು ಕಾಗದದ ಪೊಟ್ಟಣಗಳ ಮೇಲೆ ಸಂಖ್ಯೆ ಬರೆದೆ. ಅಜ್ಜಿಗೆ ಅಕ್ಷರ ಬಾರದು. ನಾನು ಕಾಲೇಜಿಗೆ ಬಂದಿರುವಾಗ ಸಾಲು ಹಾಕಿಸುವವರು ಅವರೇ. ಆದುದರಿಂದ ಪ್ರತಿ ಪೊಟ್ಟಣಕ್ಕೂ ಒಂದೊಂದು ದಾರ ಕಟ್ಟಿದ್ದೇವೆ. ನಡು ಹೊಲದವಕ್ಕೆ ಕೆಂಪು, ಕೆರೆಯ ಕಡೆಯವಕ್ಕೆ ಬಿಳಿ, ದಿಬ್ಬದವಕ್ಕೆ ಹಳದಿ. ಎಷ್ಟನೆಯ ಗಿಡವೋ ಅಷ್ಟು ಗಂಟು. ಬೇವಿನ ಸೊಪ್ಪಿನ ನಡುವೆ ಮಡಕೆಯಲ್ಲಿಟ್ಟು ಅಟ್ಟಕ್ಕೆ ಏರಿಸಿದ್ದೇವೆ. ತಿಪ್ಪೆಯ ಮಗ್ಗುಲಿನ ಒಂದು ಗಿಡದ ಬೀಜವೂ ಅದರಲ್ಲಿದೆ, ಅಪ್ಪನ ಮಾತಿಗೆ. ಅದಕ್ಕೆ ಕಪ್ಪು ದಾರ.